ಶೂನ್ಯ ಗಣಕ್ಕೊಂದು ಉದಾಹರಣೆ

ಎಡ ಅಂಗೈಯ ಮೇಲಿನ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಬೇಕಾಗಿದ್ದ ಹೊತ್ತಿನಲ್ಲಿ ಕುಬೇರಪ್ಪನ ಮನಸ್ಸು ಒಂದು ಕೆಂಪು ಸೊನ್ನೆಯ ಸುತ್ತ ತಿರುಗುತ್ತಿತ್ತು. ಆ ಸೊನ್ನೆಯನ್ನು ಬರೆದವನು ಅವನೇ. ಎರಡು ತಿಂಗಳ ಹಿಂದೆ, ಹತ್ತನೆಯ ವರ್ಗದ ಅರ್ಧವಾರ್ಷಿಕ ಪರೀಕ್ಷೆಯ ಒಂದು ಉತ್ತರಪತ್ರಿಕೆಯ ಅಂಚಿನಲ್ಲಿ, ಮಾದೇವಿ ಎಂಬ ಹುಡುಗಿಯ ದುಂಡನೆಯ ಅಕ್ಷರಗಳ ಪಕ್ಕದಲ್ಲಿ. ಅದು ತಪ್ಪು ಸೊನ್ನೆಯೆಂಬುದು ಅವನಿಗೆ ತಿಳಿದು ನಾಲ್ಕು ದಿನಗಳಾಗಿದ್ದವು. ನಾಲ್ಕು ದಿನವೂ ಅವನು ಶಾಲೆಗೆ ಹೋಗಿ, ಹಾಜರಿ ಕರೆದು, ಸತ್ಯವನ್ನೇ ನುಡಿಯಬೇಕೆಂದು ತಾನೇ ಗೋಡೆಯ ಮೇಲೆ ಬರೆಯಿಸಿದ ಸುಭಾಷಿತದ ಕೆಳಗೆ ಕುಳಿತು, ಏನನ್ನೂ ಹೇಳದೆ ಮನೆಗೆ ಬಂದಿದ್ದ. ಇಂದು ನಾಲ್ಕು ಗಂಟೆಯ ಬಸ್ಸಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿಗಳ ಕಟ್ಟು ಧಾರವಾಡಕ್ಕೆ ಹೋಗುತ್ತದೆ; ಇಂದೇ ಕಡೆಯ ದಿನ. ಕಟ್ಟಿನಲ್ಲಿ ಮೂವತ್ತೊಂದು ಅರ್ಜಿಗಳಿವೆ. ಮಾದೇವಿಯದಿಲ್ಲ. ಗಣಿತದಲ್ಲಿ ಆಕೆಗೆ ಬಂದದ್ದು ಮೂವತ್ನಾಲ್ಕು ಅಂಕ. ಮೂವತ್ತೈದು ಬಂದಿದ್ದರೆ ಇರುತ್ತಿತ್ತು. ಆ ಒಂದು ಅಂಕವನ್ನು ನುಂಗಿದ್ದು ಅವನ ಕೆಂಪು ಸೊನ್ನೆ. ಅಂಗೈಯ ಮೇಲಿನ ಲಿಂಗ ಕಪ್ಪಗೆ, ತಣ್ಣಗೆ, ಯಾವ ಪ್ರಶ್ನೆಯನ್ನೂ ಕೇಳದೆ ಕುಳಿತಿತ್ತು. ಪ್ರಶ್ನೆ ಕೇಳದ ದೇವರು ಶಿಕ್ಷಕನಿಗೆ ಎಷ್ಟು ಅನುಕೂಲ ಎಂದು ಅನಿಸಿ, ಹಾಗೆ ಅನಿಸಿದ್ದಕ್ಕೆ ನಾಚಿ, ಅವನು ಕಣ್ಣು ಮುಚ್ಚಿದ.

"ಏನ್ರಿ, ಪೂಜಿ ಮುಗೀತೇನು? ರೊಟ್ಟಿ ಆರಾಕತ್ತಾವು," ಎಂದು ಅಡಿಗೆಮನೆಯಿಂದ ಹೆಂಡತಿ ಗೌರಕ್ಕ ಕೂಗಿದಳು. "ಬಾಯಾಗ ಮಣಮಣ ಅನ್ನಾಕತ್ತೀರಿ, ಮಂತ್ರಂತೂ ಅಲ್ಲ ಅದು. ಮತ್ತ ಆ ನಿಮ್ಮ ಸೊನ್ನಿ ಗಣಾನ?" ಅವನಿಗೆ ಆ ಸ್ಥಿತಿಯಲ್ಲಿಯೂ ನಗು ಬಂದಿತು. ಹೋದ ವರ್ಷ ತಂದೆಯ ನೆನಪಿನ ಗಣಾರಾಧನೆಗೆ ಮನೆಯವರೆಲ್ಲ ಸಿದ್ಧತೆ ಮಾಡುತ್ತಿದ್ದಾಗ, ಶಿವಗಣಗಳ ಹೆಸರಿನಲ್ಲಿ ಎಷ್ಟು ಎಡೆ ಇಡಬೇಕೆಂದು ಅಯ್ಯನವರು ಎಣಿಸುತ್ತಿದ್ದಾಗ, ಅವನು ಮೂಲೆಯಲ್ಲಿ ನೋಟ್‌ಬುಕ್ಕು ಹಿಡಿದು 'ಶೂನ್ಯ ಗಣ, ಶೂನ್ಯ ಗಣ' ಎಂದು ತನ್ನಷ್ಟಕ್ಕೆ ಗುನುಗುತ್ತಿದ್ದನಂತೆ. ಗೌರಕ್ಕ ಬಾಳೆಯ ಎಲೆಗಳನ್ನು ಒರೆಸುತ್ತ, ಅಗದಿ ಗಂಭೀರವಾಗಿ ಕೇಳಿದ್ದಳು: "ಅದ ಯಾವ ಗಣಾರಿ? ಅಯ್ಯನೋರ ಬಾಯಾಗ ಆ ಹೆಸರ ಕೇಳಿಲ್ಲಲ್ಲ. ಅವಂಗೂ ಒಂದ ಎಡಿ ಮಾಡೂಣೇನು?" ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಆಮೇಲೆ ನಗು ನಿಂತಿತ್ತು. ಗಣಿತ ಮಾಡಿದ್ದು ಅದನ್ನೇ ಅಲ್ಲವೆ? ಯಾರೂ ಇಲ್ಲದ ಗಣಕ್ಕೂ ಒಂದು ಎಡೆ ಇಟ್ಟು, ಅದನ್ನು ಉಳಿದ ಗಣಗಳ ಪಂಕ್ತಿಯಲ್ಲಿಯೇ ಕೂರಿಸಿ, ನೀನೂ ಒಬ್ಬ ಎಂದು ಹೇಳಿದ್ದು? ತನ್ನ ಊರಿನಲ್ಲಿ ಮೈತುಂಬ ಜೀವವಿದ್ದವರಿಗೆ ದೊರೆಯದ ಪಂಕ್ತಿ ಅದು.

ಅವನಿಗೆ ಈ ಹುಚ್ಚು ಹತ್ತಿದ್ದು ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ. ಹೊಸ ಪಠ್ಯಕ್ರಮಕ್ಕೆಂದು ಜಿಲ್ಲೆಯ ಗಣಿತ ಶಿಕ್ಷಕರನ್ನು ಧಾರವಾಡಕ್ಕೆ ಹದಿನೈದು ದಿನ ಕರೆಸಿದ್ದರು. ಅಲ್ಲಿಯವರೆಗೆ ಗಣಿತವೆಂದರೆ ಅವನಿಗೆ ದುಡಿಯುವ ಎತ್ತು: ಇಷ್ಟು ಆಳು ಇಷ್ಟು ದಿನದಲ್ಲಿ ಕಟ್ಟುವ ಗೋಡೆ, ಒಂದು ನಳದಿಂದ ತುಂಬಿ ಇನ್ನೊಂದರಿಂದ ಸೋರುವ ತೊಟ್ಟಿ, ಎದುರುಬದುರು ಓಡುವ ರೈಲುಗಳು. ಇಪ್ಪತ್ತು ವರ್ಷ ಅವನು ಆ ಗೋಡೆಯನ್ನು ಕಟ್ಟಿದ್ದ, ಆ ತೊಟ್ಟಿಯನ್ನು ತುಂಬಿಸಿದ್ದ. ಒಂದು ಮಧ್ಯಾಹ್ನ, ಊಟದ ಮಂಪರಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದಾಗ, ಕನ್ನಡಕದ ಒಬ್ಬ ತರುಣ ಅಧ್ಯಾಪಕ ಹಲಗೆಯ ಮೇಲೆ ಬರೆದ: ಶೂನ್ಯ ಗಣವು ಪ್ರತಿಯೊಂದು ಗಣದ ಉಪಗಣ. ಅಂದರೆ ಶೂನ್ಯ ಗಣದಲ್ಲಿರುವವರೆಲ್ಲ ನೀವು ಹೆಸರಿಸುವ ಯಾವುದೇ ಗಣದಲ್ಲಿಯೂ ಇದ್ದಾರೆ. ನವಲಗುಂದದ ಕಡೆಯ ಒಬ್ಬ ಹಿರಿಯ ಮಾಸ್ತರರು ಎದ್ದು, "ಇರಲಾರದವ್ರು ಎಲ್ಲಾ ಕಡೆ ಹೆಂಗ ಇರತಾರೋ ಮಾರಾಯಾ?" ಎಂದರು. ತರುಣ ನಗಲಿಲ್ಲ. "ಇಲ್ಲ ಅಂತೀರಾ? ಹಾಗಾದರೆ ಶೂನ್ಯ ಗಣದಲ್ಲಿದ್ದು, ಆ ಗಣದಲ್ಲಿ ಇಲ್ಲದ ಒಬ್ಬರನ್ನು ತೋರಿಸಿ," ಎಂದ. ಯಾರನ್ನು ತೋರಿಸುವುದು? ತೋರಿಸಲು ಅಲ್ಲಿ ಯಾರೂ ಇಲ್ಲ. ಮಾತು ನಿಜವೆಂಬುದಕ್ಕೆ ಅಷ್ಟೇ ಸಾಧನೆ, ಮುಗಿಯಿತು. ಹಿರಿಯ ಮಾಸ್ತರರು ಗೊಣಗುತ್ತ ಕುಳಿತರು, ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಕುಬೇರಪ್ಪನಿಗೆ ಮಾತ್ರ ಮೈಯ ರೋಮ ಎದ್ದು ನಿಂತಿತ್ತು. ಒಂದು ಹಿಡಿ ಮಣ್ಣಿಲ್ಲದೆ, ಒಂದು ಸಾಕ್ಷಿಯಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಒಂದು ಮಾತು ಹೀಗೆ ಅಲುಗದೆ ನಿಲ್ಲಬಲ್ಲುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ತರುಣನ ಪುಸ್ತಕವನ್ನು ಎರವಲು ತಂದು ಮೂರು ತಿಂಗಳು ಕುಳಿತು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಒಂದೊಂದು ವಾಕ್ಯವಾಗಿ ಕನ್ನಡಕ್ಕೆ ತಿರುಗಿಸಿ, ಅರ್ಥವಾಗದ ಕಡೆ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದ; ಮೊದಲ ಪುಟಗಳು ಚುಕ್ಕೆಗಳಿಂದ ತುಂಬಿ ಜೋಳದ ರಾಶಿಯ ಹಾಗೆ ಕಾಣುತ್ತಿದ್ದವು. ಶೂನ್ಯ ಗಣಗಳು ಎರಡಿಲ್ಲ, ಒಂದೇ ಎಂದು ಒಂದು ಪುಟ ಹೇಳುತ್ತಿತ್ತು. ಕೊಂಬುಳ್ಳ ಮನುಷ್ಯರ ಗಣವೂ ಮೂರು ಬಾಹುಗಳ ಚೌಕಗಳ ಗಣವೂ ಬೇರೆಬೇರೆ ಬಾಗಿಲುಗಳಿಂದ ಒಳಹೊಕ್ಕರೂ ಒಂದೇ ಬಯಲಿಗೆ ಬರುತ್ತವೆ. ಇನ್ನೊಂದು ಪುಟದಲ್ಲಿ ಆ ಏನೂ ಇಲ್ಲದ್ದರಿಂದಲೇ ಎಲ್ಲ ಸಂಖ್ಯೆಗಳು ಹುಟ್ಟುತ್ತಿದ್ದವು: ಶೂನ್ಯ ಗಣವೇ ಸೊನ್ನೆ, ಅದನ್ನೊಂದನ್ನೇ ಒಳಗಿಟ್ಟುಕೊಂಡ ಗಣ ಒಂದು, ಅವೆರಡನ್ನೂ ಒಳಗಿಟ್ಟುಕೊಂಡದ್ದು ಎರಡು. ಈ ಪುಟ ತಿಳಿದ ಮುಂಜಾನೆ ಅವನು ಚಪ್ಪಲಿಯನ್ನೂ ಮೆಟ್ಟದೆ ಎರೆಹೊಲದ ಬದುವಿನವರೆಗೆ ನಡೆದುಹೋಗಿದ್ದ. ಹೊಲಗಳು, ದೂರದ ಜಾಲಿ, ಮುಗಿಲು, ಎಲ್ಲವೂ ಇದ್ದಲ್ಲೇ ಇದ್ದವು. ಆದರೆ ತಾನು ಚಿಕ್ಕಂದಿನಲ್ಲಿ ಬೆರಳು ಮಡಿಚಿ ಎಣಿಸಿದ ಒಂದು, ಎರಡು, ಮೂರು ಎಂಬವು ಯಾವ ಬೆರಳಿನ ಹಂಗೂ ಇಲ್ಲದೆ ಆ ಬಯಲಿನಲ್ಲಿ ಒಂದರೊಳಗೊಂದು ಕುಳಿತಿರುವುದನ್ನು ಅವನು ಕಂಡಂತೆ ಅನಿಸಿತ್ತು. ಇಂಥ ಸಂತೋಷವನ್ನು ಯಾರಿಗೆ ಹೇಳುವುದು? ಶಿಕ್ಷಕರ ಕೋಣೆಯಲ್ಲಿ ಮಾತು ಬಡತಿ, ವರ್ಗಾವಣೆ, ಇಲ್ಲವೆ ಯಾರ ಮನೆಯ ಕುಬಸಕ್ಕೆ ಯಾರನ್ನು ಕರೆಯಲಿಲ್ಲವೆಂಬುದರ ಸುತ್ತ. ಅವನು ಸಂತೋಷವನ್ನು ಮುಚ್ಚಿಟ್ಟುಕೊಂಡ. ಬಿಡುವಿನ ಅವಧಿಯಲ್ಲಿ ಪ್ರಯೋಗಶಾಲೆಯೆಂದು ಕರೆಯುತ್ತಿದ್ದ ಖಾಲಿ ಕೋಣೆಯಲ್ಲಿ ಬಾಗಿಲು ಮುಂದಕ್ಕೆಳೆದುಕೊಂಡು ಓದುವುದು ರೂಢಿಯಾಯಿತು. ಮುಚ್ಚಿಟ್ಟ ಸಂತೋಷ ನಿಧಾನವಾಗಿ ಸೊಕ್ಕಾಗುತ್ತದೆಂಬುದು ಅವನಿಗೆ ಆಗ ಗೊತ್ತಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನೇ ಕೇಳಿದ ಪ್ರಶ್ನೆ: ಶೂನ್ಯ ಗಣಕ್ಕೆ ಒಂದು ಉದಾಹರಣೆ ಕೊಡಿರಿ. ಒಂದು ಅಂಕ. ಮೂವತ್ತೊಂದು ಮಕ್ಕಳು ಪುಸ್ತಕದಲ್ಲಿದ್ದಂತೆ ಮೂರು ಬಾಹುಗಳ ಚೌಕವನ್ನು ಬರೆದಿದ್ದರು. ಮಾದೇವಿ ಬರೆದಿದ್ದಳು: 'ನಮ್ಮ ಕೇರಿಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ಹೆಣ್ಣುಮಕ್ಕಳ ಗಣ.' ಓದಿದಾಗ ಅವನಿಗೆ ಮೊದಲು ಬಂದದ್ದು ಸಿಟ್ಟು. ತಾನು ಎರೆಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಿಂತು ಕಂಡ ಆ ನಿರ್ಮಲವಾದ ಬಯಲಿಗೆ ಈ ಹುಡುಗಿ ಕೆಳಗಿನ ಕೇರಿಯ ಧೂಳನ್ನು ತಂದಳೆಂಬ ಸಿಟ್ಟು. ಹೌದು, ಧೂಳು ಎಂಬ ಮಾತೇ ಅವನ ಮನಸ್ಸಿಗೆ ಬಂದದ್ದು. ಜಾತಿಯಿಲ್ಲ, ಮತವಿಲ್ಲ ಎಂದು ಪ್ರಾರ್ಥನೆಯ ಹೊತ್ತಿಗೆ ದಿನಾಲು ಉಪದೇಶ ಮಾಡುವವನ ಮನಸ್ಸಿಗೆ. ಆಮೇಲೆ ಅವನು ಸಿಟ್ಟಿಗೆ ತರ್ಕದ ಅಂಗಿ ತೊಡಿಸಿದ. ಚೌಕಕ್ಕೆ ಎಂದೆಂದಿಗೂ ಮೂರು ಬಾಹುಗಳಿರುವುದಿಲ್ಲ; ಆದರೆ ನಾಳೆ ಆ ಕೇರಿಯ ಒಬ್ಬಳು ಪಾಸಾದರೆ? ಇಂದು ಇದ್ದು ನಾಳೆ ಕೆಡುವ ಶೂನ್ಯ ಎಂಥ ಶೂನ್ಯ? ಅಂಚಿನಲ್ಲಿ ಸೊನ್ನೆ ಬರೆದು, ಅದರ ಕೆಳಗೆ 'ಇದು ಗಣಿತವಲ್ಲ' ಎಂದು ಷರಾ ಬರೆದ. ಅಷ್ಟಕ್ಕೇ ಬಿಡದೆ, ಪತ್ರಿಕೆಗಳನ್ನು ಹಂಚುವ ದಿನ ಅದನ್ನು ವರ್ಗದಲ್ಲಿ ಗಟ್ಟಿಯಾಗಿ ಓದಿ, ನಾಳೆ ಒಬ್ಬಳು ಪಾಸಾದರೆ ಈ ಗಣ ಬದಲಾಗುತ್ತದೆ, ಅದಕ್ಕೇ ತಪ್ಪು ಎಂದು ಹೇಳಿದ. ಹುಡುಗರು ನಕ್ಕರು. ಗೌಡರ ಮನೆಯ ಹುಡುಗನಂತೂ ಬೆಂಚು ಬಡಿದು ನಕ್ಕ. ಮಾದೇವಿ ಎದ್ದು ನಿಂತಿದ್ದಳು. ಕುಳಿತುಕೊ ಎಂದು ಹೇಳುವುದನ್ನು ಅವನು ಮರೆತದ್ದರಿಂದ ಅವಧಿ ಮುಗಿಯುವವರೆಗೂ ನಿಂತೇ ಇದ್ದಳು. ಅನ್ಯಾಯಗಾರನೆಂದರೆ ಮೀಸೆ ತಿರುವಿ, ಕಣ್ಣು ಕೆಂಪು ಮಾಡಿ ಬರುವವನೆಂದು ನಮ್ಮ ಪಾಠಗಳು ಮಕ್ಕಳಿಗೆ ಕಲಿಸುತ್ತವೆ. ಅದು ಸುಳ್ಳು. ಅವನು ಇಸ್ತ್ರಿಯ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಒಂದೇ ಅಂಕದ ವಿಷಯವೆಂದು ಬರುತ್ತಾನೆ. ನಾಲ್ಕು ದಿನಗಳ ಹಿಂದೆ ನೋಟ್‌ಬುಕ್ಕಿನಲ್ಲಿ ಬಹುದಿನ ಚುಕ್ಕೆಯಿಟ್ಟಿದ್ದ ಒಂದು ವಾಕ್ಯ ತಟ್ಟನೆ ತಿಳಿದಾಗ, ಅದರ ಬೆಳಕಿನಲ್ಲಿ ಅವನಿಗೆ ಮೊದಲು ಕಂಡದ್ದು ಆ ಕೆಂಪು ಸೊನ್ನೆ. ಒಳಗಿರುವವರು, ಅಂದರೆ ಗಣಾಂಶಗಳು, ಇಲ್ಲವೆಂದರೆ ಅದು ಶೂನ್ಯ ಗಣ. ಏಕೆ ಇಲ್ಲ, ಎಷ್ಟು ದಿನ ಇರುವುದಿಲ್ಲ ಎಂದು ಗಣಿತ ಕೇಳುವುದಿಲ್ಲ. ಕೇಳಬೇಕಾದವನು ಮನುಷ್ಯ, ಅವನೂ ಕೇಳಿರಲಿಲ್ಲ.

ಶಾಲೆಯಲ್ಲಿ ಮುಖ್ಯಾಧ್ಯಾಪಕ ಈರಬಸಪ್ಪನವರ ಕೋಣೆಯ ಗೋಡೆಗೆ ಹೋದ ವರ್ಷದ ಫಲಿತಾಂಶದ ಹಲಗೆ ತೂಗುತ್ತಿತ್ತು: ಶೇಕಡಾ ನೂರು. ಆ ನೂರನ್ನು ಕಾಯುವುದಕ್ಕಾಗಿಯೇ ಅರ್ಧವಾರ್ಷಿಕದಲ್ಲಿ ನಾಪಾಸಾದವರ ಅರ್ಜಿ ತುಂಬಬಾರದೆಂಬ ನಿಯಮವನ್ನು ಅವರು ಮಾಡಿದ್ದರು. ಕೆಟ್ಟ ಮನುಷ್ಯರಲ್ಲ, ಮಕ್ಕಳಿಗೆ ಪೆಟ್ಟು ಬಿದ್ದರೆ ತಾವೇ ಅರಿಶಿನ ಹಚ್ಚುವವರು. ಜವಾನ ಮಹಬೂಬಸಾಬ ಅರ್ಜಿಗಳ ಕಟ್ಟಿಗೆ ಸುತಳಿ ಬಿಗಿಯುತ್ತಿದ್ದ.

"ಬರ್ರಿ ಕುಬೇರಪ್ಪನವರ, ನಿಮ್ಮ ದಾರೀನ ನೋಡಾಕತ್ತಿದ್ದೆ. ಇದೊಂದಕ್ಕ ಸಹಿ ಒಗೀರಿ. ವರ್ಗ ಶಿಕ್ಷಕರ ದಾಖಲೆ," ಎಂದರು ಈರಬಸಪ್ಪನವರು.

ಅಚ್ಚಾದ ನಮೂನೆಯ ಕಾಗದ. 'ಈ ಶಾಲೆಯ ಹತ್ತನೆಯ ವರ್ಗದಲ್ಲಿ ಅರ್ಹರಾದ ಪರಿಶಿಷ್ಟ ಜಾತಿಯ ವಿದ್ಯಾರ್ಥಿನಿಯರೆಲ್ಲರ ಅರ್ಜಿಗಳನ್ನೂ ಕಳುಹಿಸಲಾಗಿದೆ ಎಂದು ದೃಢೀಕರಿಸುತ್ತೇನೆ.' ಪಕ್ಕದ ಕಾಲಮಿನಲ್ಲಿ, ಸಂಖ್ಯೆ ಎಂಬಲ್ಲಿ, ಈರಬಸಪ್ಪನವರ ಸುಂದರವಾದ ಕೈಬರಹದ ಸೊನ್ನೆ.

"ಇದರಾಗ 'ಎಲ್ಲರ' ಅಂತ ಐತೆಲ್ರಿ," ಎಂದ ಕುಬೇರಪ್ಪ.

"ಹೌದ್ರಿ. ಎಲ್ಲಾರದೂ."

"ಎಷ್ಟ ಮಂದಿರಿ?"

"ಸೊನ್ನಿ. ಬಾಜೂಕ ಬರದೇನಲ್ಲ."

"ಸೊನ್ನಿ ಮಂದಿ ಎಲ್ಲಾರದೂ ಕಳಸೇವಿ ಅಂತ ಸಹಿ ಮಾಡೂದೇನ್ರಿ?"

ಈರಬಸಪ್ಪನವರು ಕನ್ನಡಕ ತೆಗೆದು ನಕ್ಕರು. "ಸುಳ್ಳ ಎಲ್ಲೈತಿ ತೋರಸ್ರಿ, ಲೆಕ್ಕದ ಮಾಸ್ತರ್ರ! ಅರ್ಹ ಇದ್ದ ಒಬ್ಬಾಕೀನ್ನ ನಾವ ಬಿಟ್ಟೇವಂದ್ರ ಆಕೀ ಹೆಸರ ಹೇಳ್ರಿ, ಈಗಿಂದೀಗ ಕಾಗದ ಹರದ ಒಗೀತೀನಿ. ಇಲ್ಲಲ್ಲ? ಹಂಗಾರ ಅಗದಿ ಖರೇ ಮಾತಿದು."

ಕುಬೇರಪ್ಪನ ಕಿವಿಯಲ್ಲಿ ಧಾರವಾಡದ ಆ ಮಧ್ಯಾಹ್ನ ಗುಂಯ್ಗುಟ್ಟಿತು. ಒಬ್ಬರನ್ನು ತೋರಿಸಿ. ಅದೇ ಸಾಧನೆ. ತನ್ನ ಜೀವಮಾನದ ಅತ್ಯಂತ ಶುದ್ಧವಾದ ಸಂತೋಷ ಈ ಕಚೇರಿಯ ಕಾಗದದೊಳಗೆ ಬಂದು ಕುಳಿತಿತ್ತು. ವಾಕ್ಯ ನಿಜ, ಅಲ್ಲಾಡಿಸಲಾಗದಷ್ಟು ನಿಜ. ಮಾದೇವಿ ಅರ್ಹಳಲ್ಲ, ಏಕೆಂದರೆ ಮೂವತ್ನಾಲ್ಕು. ಮೂವತ್ನಾಲ್ಕು, ಏಕೆಂದರೆ ಕೆಂಪು ಸೊನ್ನೆ. ಗಣವನ್ನು ಮೊದಲು ಖಾಲಿ ಮಾಡಿ, ಆಮೇಲೆ ಅದರ ಮೇಲೆ ಎಷ್ಟು ಧರ್ಮವಾಕ್ಯಗಳನ್ನಾದರೂ ಬರೆಯಬಹುದು, ಒಂದೂ ಸುಳ್ಳಾಗುವುದಿಲ್ಲ. ಹೇಳಬೇಕು ಎಂದುಕೊಂಡ. ಮಹಬೂಬಸಾಬ ಸುತಳಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಾಯುತ್ತಿದ್ದ. ಹೊರಗೆ ಗಂಟೆ ಹೊಡೆಯಿತು. ಕುಬೇರಪ್ಪ ಪೆನ್ನು ತೆಗೆದು, ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತ ಬಂದ ಹಾಗೆ, ಹೆಸರಿನ ಕೊನೆಗೆ ಒಂದು ಬಳ್ಳಿ ಎಳೆದು ಸಹಿ ಮಾಡಿದ.

ವರ್ಗದಲ್ಲಿ ಅಂದಿನ ಪಾಠ ಗಣಗಳ ಪುನರಾವರ್ತನೆ. ಸುಣ್ಣದ ಕಡ್ಡಿ ಹಲಗೆಯ ಮೇಲೆ ತಾನಾಗಿ ಓಡಿ ಅದೇ ವಾಕ್ಯವನ್ನು ಬರೆಯಿತು: ಶೂನ್ಯ ಗಣವು ಪ್ರತಿಯೊಂದು ಗಣದ ಉಪಗಣ. "ಇಲ್ಲ ಅನ್ನಾವ್ರು ಒಬ್ಬರನ್ನ ತೋರಸ್ರಿ," ಎಂದು ಅವನು ಎಂದಿನ ಉತ್ಸಾಹದಿಂದ ತಿರುಗಿದ. ಆದರೆ ತನ್ನ ಗಂಟಲಿನಿಂದ ಬಂದದ್ದು ಈರಬಸಪ್ಪನವರ ಧ್ವನಿಯೆಂದು ಅವನಿಗೆ ಕೇಳಿಸಿತು. ಗೌಡರ ಹುಡುಗ ಕೈ ಎತ್ತಿದ.

"ಸರ್, ತೋರಸಾಕ ಯಾರೂ ಇರಲಿಲ್ಲಂದ್ರ ನಾವ ಏನ ಹೇಳಿದ್ರೂ ಖರೇನ ಆಕ್ಕೈತೇನ್ರಿ?"

"ಆಕ್ಕೈತಿ."

"ನಮ್ಮ ಮನ್ಯಾಗಿನ ಆನಿಗೋಳೆಲ್ಲಾ ಇಂಗ್ಲಿಷ್ ಮಾತಾಡತಾವ ಅಂದ್ರೂ?"

"ನಿಮ್ಮ ಮನ್ಯಾಗ ಆನಿ ಇಲ್ಲಂದ್ರ, ಖರೇ."

"ಅಬಬಾ, ಇದು ಛಲೋ ಆತಲ್ರಿ ಸರ್!"

ವರ್ಗವೆಲ್ಲ ನಕ್ಕಿತು. ಒಳ್ಳೆಯ ಪ್ರಶ್ನೆ, ಬೇರೆ ದಿನವಾಗಿದ್ದರೆ ಅವನು ಹುಡುಗನ ಬೆನ್ನು ತಟ್ಟುತ್ತಿದ್ದ. ಆದರೆ ಅದು ಎರಡು ತಿಂಗಳ ಹಿಂದಿನ ಅದೇ ನಗು, ಅದೇ ಬೆಂಚಿನಿಂದ, ಅದೇ ಹಲ್ಲುಗಳು. ಆ ದಿನ ನಗುವಿನ ನಡುವೆ ಒಬ್ಬಳು ನಿಂತಿದ್ದಳು. ಇಂದು ಆನೆಗಳು ನಿಂತಿವೆ. ಅವನಿಗೆ ಒಮ್ಮೆಲೆ ತನ್ನ ಮೇಲೆ, ಆ ಫಲಿತಾಂಶದ ಹಲಗೆಯ ನೂರರ ಮೇಲೆ, ಸಭ್ಯವಾದ ನಮೂನೆಗಳ ಮೇಲೆ, ತನ್ನ ಸಹಿಯ ಕೊನೆಯ ಆ ಬಳ್ಳಿಯ ಮೇಲೆ ಹೇಳಲಾಗದಷ್ಟು ಹೇಸಿಗೆಯಾಯಿತು. ತಪ್ಪು ಸಾಧನೆಯದಲ್ಲ. ಸಾಧನೆ ಎಂದಿನಂತೆ ನಿರ್ಮಲವಾಗಿ ನಿಂತಿತ್ತು. ಅದರ ಮರೆಯಲ್ಲಿ ಬಚ್ಚಿಟ್ಟುಕೊಂಡವರು ತಾವು. "ಓದಕೋರಿ," ಎಂದು ಹೇಳಿ ಅವನು ಪ್ರಯೋಗಶಾಲೆಯ ಕಪಾಟಿಗೆ ಹೋದ. ನಿಯಮದಂತೆ ವಾಪಸು ಪಡೆದಿಟ್ಟಿದ್ದ ಉತ್ತರಪತ್ರಿಕೆಗಳ ಕಟ್ಟಿನಲ್ಲಿ ಅವಳದು ಕೆಳಗಿನಿಂದ ಮೂರನೆಯದು. 'ಇದು ಗಣಿತವಲ್ಲ' ಎಂಬುದನ್ನು ಅವನು ಒಂದೇ ಗೆರೆಯಿಂದ, ಅಕ್ಷರಗಳು ಓದಲು ಸಿಗುವ ಹಾಗೆಯೇ, ಹೊಡೆದುಹಾಕಿದ. ಸೊನ್ನೆಯ ಪಕ್ಕದಲ್ಲಿ ಒಂದು ಬರೆದ. ಮೊತ್ತವನ್ನು ತಿದ್ದಿ, ತಾರೀಖು ಹಾಕಿ, 'ಪರೀಕ್ಷಕನ ತಪ್ಪು' ಎಂದು ಪೂರ್ತಿ ಹೆಸರು ಬರೆದ. ಬಳ್ಳಿ ಎಳೆಯಲಿಲ್ಲ.

"ಒಬ್ಬಾಕಿ ಅದಾಳ್ರಿ," ಎಂದು ಅವನು ಪತ್ರಿಕೆಯನ್ನು ಈರಬಸಪ್ಪನವರ ಮೇಜಿನ ಮೇಲೆ ಇಟ್ಟಾಗ ಅವರು ಹೊಡೆದುಹಾಕಿದ ಷರಾವನ್ನೂ ಹೊಸ ತಾರೀಖನ್ನೂ ಓದಿದರು.

"ಎರಡ ತಿಂಗಳಾದ ಮ್ಯಾಲ ಮಾರ್ಕ್ಸ ತಿದ್ದೂದು? ಅದೂ ಇವತ್ತ? ಮಂದಿ ಏನಂತಾರ ವಿಚಾರ ಮಾಡ್ರಿ. ಕುಬೇರಪ್ಪ ಮಾಸ್ತರಗ ಸೊನ್ನಿ ಅಂದ್ರೇನಂತ ಗೊತ್ತಿಲ್ಲ ಅಂತಾರ."

"ಗೊತ್ತಿರಲಿಲ್ರಿ. ಅನ್ನಲಿ."

"ಆ ಹುಡುಗಿ ಹದಿನೈದ ದಿನದಿಂದ ಸಾಲೀಗೇ ಬಂದಿಲ್ಲ. ಮಾರ್ಚ್‌ನ್ಯಾಗ ನಾಪಾಸಾದ್ಲಂದ್ರ?"

"ಆದ್ರ ಆಗಲಿರಿ. ಕುಂತ ನಾಪಾಸಾಗಲಿ."

ಈರಬಸಪ್ಪನವರು ಎದ್ದು ಕಿಟಕಿಯ ಬಳಿ ನಿಂತರು. ಅವರ ಕತ್ತಿನ ಹಿಂದೆ ಕೆಂಪೇರಿತ್ತು. "ನೀ ನನ್ನ ಸುಳ್ಳಗಾರ ಮಾಡಿದಿ, ಕುಬೇರಾ," ಎಂದು ಏಕವಚನದಲ್ಲಿ, ಗೆಳೆಯನ ದನಿಯಲ್ಲಿ ಹೇಳಿದರು. "ಸಹಿ ಮಾಡಿದ ಮ್ಯಾಲ ಬಂದೀಯಲ್ಲ, ಮೊದಲ ಯಾಕ ಬರಲಿಲ್ಲ?" ಆಮೇಲೆ ಕಾಗದವನ್ನು ಎತ್ತಿ, ಹೇಳಿದ ಮಾತಿನಂತೆ ಎರಡಾಗಿ ಹರಿದು, ಖಾಲಿ ಅರ್ಜಿಯೊಂದನ್ನು ಮೇಜಿನ ಮೇಲೆ ದೂಡಿದರು. "ಆಕಿ ಸಹಿ ಬೇಕು. ಮಹಬೂಬಸಾಬ ನಾಕಕ್ಕ ಬಸ್ ಹತ್ತತಾನ. ನಿಂದ್ರೂದಿಲ್ಲ."

ಕೇರಿಯಲ್ಲಿ ವಿಚಾರಿಸಿ ಅವನು ಹಿಡಿದ ತಿರ್ಲಾಪುರದ ದಾರಿಯಲ್ಲಿ ಕಾಲುವೆಯ ನೀರು ಬಂದ ಹೊಲಗಳಲ್ಲಿ ಹೈಬ್ರಿಡ್ ಹತ್ತಿ ಒಡೆದಿತ್ತು. ಸೈಕಲ್ಲನ್ನು ಬದುವಿಗೆ ಒರಗಿಸಿ ಅವನು ಗಿಡಗಳ ನಡುವೆ ನಡೆದಾಗ ಒಣಗಿದ ಕಾಯಿಯ ಸಿಪ್ಪೆಗಳು ಪಂಚೆಗೆ ಚುಚ್ಚಿದವು. ಸಾಲಿಗೊಬ್ಬರಂತೆ ಹೆಂಗಸರು ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದರು. ಮಾದೇವಿಯ ತಾಯಿ ಮರೆವ್ವ ಮೊದಲು ಅವನನ್ನು ಕಂಡಳು. ಸೆರಗು ಸರಿಮಾಡಿಕೊಂಡಳು, ಕೈ ನಿಲ್ಲಿಸಲಿಲ್ಲ.

"ಏನ್ರಿ ಮಾಸ್ತರ್ರ, ಹೊಲದತನಕ ಬಂದೀರಿ? ಮತ್ತ ಏನ ತಪ್ಪ ಬರದಾಳ್ರಿ ಈಕಿ?"

"ತಪ್ಪ ನಂದವ್ವ. ಅರ್ಜಿ ತಂದೇನಿ. ಆಕಿ ಪರೀಕ್ಷಾಕ ಕುಂದ್ರಬೇಕು."

"ಅಯ್ಯ ಶಿವನ! ನೀವ ಸಾಲಿ ಬಿಡಿಸಿದ್ರಿ, ನಾ ಹತ್ತಿ ಬಿಡಸಾಕ ಹಚ್ಚೇನಿ. ಈಗ ಹತ್ತಿ ಬಿಡ್ಸ, ಸಾಲೀಗಿ ಕಳಸ ಅಂತೀರಿ. ನಾವೇನ ಮನಷ್ಯಾರೋ, ನೀವ ಹಲಗಿ ಮ್ಯಾಲ ಬರದ ಒರಸೂ ಅಂಕಿಗೋಳೋ?"

ಪಕ್ಕದ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ತಲೆ ತಗ್ಗಿಸಿ ನಿಂತ. ವರ್ಗದಲ್ಲಿ ನಿಂತವರಿಗೆ ಹೀಗೆ ಇರುತ್ತದೆ ಎಂದು ತಿಳಿಯುತ್ತಿತ್ತು: ನಗು ಎಲ್ಲಿಂದ ಬಂತೆಂದು ನೋಡಲು ಧೈರ್ಯವಾಗುವುದಿಲ್ಲ. ಮಾದೇವಿ ಮೂರು ಸಾಲುಗಳ ಆಚೆಯಿಂದ ಬಂದು, ಒಂದು ಮಾರು ದೂರದಲ್ಲಿ ನಿಂತಳು. ಕೂದಲಲ್ಲಿ, ಹುಬ್ಬಿನ ಮೇಲೆ ಹತ್ತಿಯ ಎಳೆಗಳು. ಅವನು ಪತ್ರಿಕೆಯನ್ನು ತೋರಿಸಿ, ಮನಸ್ಸಿನಲ್ಲಿ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ದೊಡ್ಡ ಮಾತುಗಳೆಲ್ಲ ಮರೆತುಹೋಗಿ, "ನಿನ್ನ ಉತ್ತರ ಸರಿ ಇತ್ತವ್ವ," ಎಂದಷ್ಟೇ ಹೇಳಿದ.

"ಗೊತ್ತಿತ್ರಿ," ಎಂದಳು ಅವಳು.

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಗೆಲುವಿರಲಿಲ್ಲ. ಅವನು ಕೆಂಪಾಗಿ ಬರೆದದ್ದಾಗಲೀ, ಈಗ ತಿದ್ದಿದ್ದಾಗಲೀ ಆ ಸರಿತನಕ್ಕೆ ಏನನ್ನೂ ಕೂಡಿಸಿರಲಿಲ್ಲ, ಕಳೆದಿರಲಿಲ್ಲ.

"ಗೊತ್ತಿದ್ರ ಬಂದ ಯಾಕ ಕೇಳಲಿಲ್ಲ?"

"ಬಂದಿದ್ನಿರಿ. ಪತ್ರಿಕಾ ಕೊಟ್ಟ ಮರುದಿನ, ಸಣ್ಣ ಸೂಟೀಗಿ. ನೀವ ಪ್ರಯೋಗಶಾಲ್ಯಾಗ ನಿಮ್ಮ ದೊಡ್ಡ ನೋಟಬುಕ್ಕ ಓದಾಕತ್ತಿದ್ರಿ. ಬಾಗಲಾ ಬಡದೆ. 'ಹೊರಗ ನಿಂದ್ರು' ಅಂದ್ರಿ. ನಿಂತಿದ್ನಿ. ಗಂಟಿ ಹೊಡೀತು, ಹ್ವಾದೆ."

ಅವನಿಗೆ ನೆನಪಾಗಲಿಲ್ಲ. ಎಷ್ಟು ಹುಡುಕಿದರೂ ಆ ಬಡಿತ, ಆ ಮಾತು ನೆನಪಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಪುಟದ ಮೇಲಿನ ಬೆಳಕು, ಒಂದರೊಳಗೊಂದು ಕುಳಿತ ಆವರಣಗಳು, ಲೋಕವೇ ಇಲ್ಲವಾದಂಥ ಆ ಸುಖ. ಆ ಸುಖದ ಬಾಗಿಲ ಹೊರಗೆ, ಇಡೀ ತಾಲೂಕಿನಲ್ಲಿ ಅದನ್ನು ಹಂಚಿಕೊಳ್ಳಬಹುದಾಗಿದ್ದ ಒಂದೇ ಜೀವ ನಿಂತಿತ್ತು. ಅವನು ಅರ್ಜಿಯನ್ನು ಮುಂದೆ ಚಾಚಿದ. ಮಾದೇವಿ ಅದನ್ನು ತೆಗೆದುಕೊಂಡು, ಕೈಯನ್ನು ಲಂಗಕ್ಕೆ ಒರೆಸಿ, ಅವನ ಪೆನ್ನಿನಿಂದ, ಅವನು ಮುಂದೆ ಹಿಡಿದ ನೋಟ್‌ಬುಕ್ಕಿನ ರಟ್ಟಿನ ಮೇಲಿಟ್ಟು ಸಹಿ ಮಾಡಿದಳು. ಗಡಿಯಾರದಲ್ಲಿ ಮೂರೂಕಾಲು. ಅವನು ಹೋಗಬೇಕಾಗಿತ್ತು. ಅವನು ಪಂಚೆ ಮಡಿಚಿ ಎರೆಮಣ್ಣಿನ ಹೆಂಟೆಗಳ ಮೇಲೆ ಕುಳಿತ.

"ಅವತ್ತ ಏನ ಹೇಳಾಕ ಬಂದಿದ್ದಿ, ಈಗ ಹೇಳು."

"ಬಸ್ ಹೋಗತೈತ್ರಿ ಸರ್."

"ಹೇಳವ್ವ."

ಅವಳು ತಾಯಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ನೆಲ ನೋಡುತ್ತ, ಬಹಳ ದಿನ ಒಬ್ಬಳೇ ತಿರುಗಿಸಿ ಮುರುಗಿಸಿ ನೋಡಿದ ಮಾತನ್ನು ಹೊರಗೆ ತರುವವಳಂತೆ ತಡೆತಡೆದು ಹೇಳಿದಳು: "ನಾಳಿ ನಮ್ಮ ಕೇರ್ಯಾಗ ಒಬ್ಬಾಕಿ ಪಾಸಾದ್ರ ಗಣಾ ಬದಲ ಆಕ್ಕೈತಿ, ಅದಕ ತಪ್ಪು ಅಂದ್ರಿ ನೀವು. ಗಣಾ ಬದಲ ಆಗೂದಿಲ್ರಿ. ಒಳಗ ಯಾರ ಅದಾರೋ ಅವ್ರೇ ಗಣಾ. ಒಬ್ಬಾಕಿ ಬಂದ್ಲಂದ್ರ ಅದು ಬ್ಯಾರೇ ಗಣಾ ಆತು. ಮೊದಲಿನ್ದು ಹಂಗ ಇರತೈತಿ, ಖಾಲಿ. ಬದಲ ಆದದ್ದು ನಮ್ಮ ಮಾತು. ಅಂದ್ರ, ನಾವ ಆ ಹೆಸರ್ಲೇ ಯಾವ ಗಣಾಕ್ಕ ಕರೀತೇವಿ ಅನ್ನೂದು. ಸರಿ ಐತೇನ್ರಿ?"

ನೋಟ್‌ಬುಕ್ಕಿನ ಹದಿನೇಳನೆಯ ಪುಟ. ಗಣವು ತನ್ನ ಗಣಾಂಶಗಳಿಂದ ಮಾತ್ರ ನಿರ್ಧಾರವಾಗುತ್ತದೆ. ಎರಡು ವರ್ಷ ಅಂಚಿನಲ್ಲಿ ಚುಕ್ಕೆಯಿಟ್ಟುಕೊಂಡು ಅವನು ಹೊತ್ತು ತಿರುಗಿ, ನಾಲ್ಕು ದಿನಗಳ ಹಿಂದಷ್ಟೇ ತಿಳಿದುಕೊಂಡ ವಾಕ್ಯ. ಈ ಹುಡುಗಿ ಪುಸ್ತಕವಿಲ್ಲದೆ, ಹಲಗೆಯಿಲ್ಲದೆ, ನಗುವಿನ ನಡುವೆ ನಿಂತಲ್ಲಿಂದ ಶುರುಮಾಡಿ, ಹತ್ತಿಯ ಸಾಲಿನಲ್ಲಿ ಬಗ್ಗಿ ನಡೆಯುತ್ತ ಅಲ್ಲಿಗೆ ತಲುಪಿದ್ದಳು. ಮೈ ಜುಮ್ಮೆಂದಿತು, ಧಾರವಾಡದ ಆ ಮಧ್ಯಾಹ್ನಕ್ಕಿಂತ ಹೆಚ್ಚಾಗಿ. ಮತ್ತು ಅಷ್ಟೇ ಆಳವಾಗಿ ನಾಚಿಕೆ ಇರಿಯಿತು. ಎರಡನ್ನೂ ಬೇರೆಮಾಡಲು ಅವನಿಂದ ಆಗಲಿಲ್ಲ.

"ಸರಿ ಐತಿ," ಎಂದ. "ಇದು ತಿಳಿಯಾಕ ನನಗ ಎರಡ ವರ್ಷ ಹಿಡೀತು."

ಮರೆವ್ವ ಈಗ ಮೊದಲ ಬಾರಿಗೆ ಕೈ ನಿಲ್ಲಿಸಿ ನೆಟ್ಟಗೆ ನಿಂತಳು. ಉಡಿಯ ಭಾರವನ್ನು ಸೊಂಟದ ಮೇಲೆ ಸರಿಸಿಕೊಂಡು, ನೆಲದ ಮೇಲೆ ಕುಳಿತಿದ್ದ ಮಾಸ್ತರನನ್ನು ದಿಟ್ಟಿಸಿ, ನಿಜವಾಗಿಯೂ ತಿಳಿಯದೆ ಕೇಳುವವಳಂತೆ ಕೇಳಿದಳು:

"ನಿಮಗ ಎರಡ ವರ್ಷ ಹಿಡೀತಂದ್ರ, ಮತ್ತ ನಾಪಾಸ ಈಕಿ ಹೆಂಗ ಆದ್ಲ್ರಿ?"